ಅಭಯ ಕನ್ನಡಕ ತೆಗೆದ ಮೂರು ಸೆಕೆಂಡು

"ಕನ್ನಡಕಾ! ಕನ್ನಡಕಾ ಹಾಕ್ಕೋರಿ!"

ನಾನು ಕಿರುಚಿದ ರಭಸಕ್ಕೆ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ವಾಚ್‌ಮನ್ ಬಸಲಿಂಗಪ್ಪ ಎದ್ದು ಓಡಿ ಬಂದ. ಅಷ್ಟರಲ್ಲಿ ನಾನು ಲೇಸರ್ ಬಂದ್ ಮಾಡಿದ್ದೆ. ಅಭಯ ಮಾತ್ರ ಕಿಟಕಿಯ ಹತ್ತಿರ ಹಾಗೇ ನಿಂತಿದ್ದ. ಕಿತ್ತಳೆ ಬಣ್ಣದ ಕನ್ನಡಕ ಹಣೆಯ ಮೇಲಿತ್ತು. ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

"ಏನೂ ಆಗಿಲ್ರೀ ಮೇಡಮ್," ಎಂದ.

"ಬಾಯಿ ಮುಚ್ಚರಿ!" ಎಂದೆ.

ಹೆದರಿಕೆಯಾದರೆ ಬೇರೆಯವರು ಅಳುತ್ತಾರೆ. ನಾನು ಬೈಯುತ್ತೇನೆ. ಹುಟ್ಟಿದಾಗಿನಿಂದ ಹೀಗೇ ಇದ್ದೇನೆ ಎಂದು ನಮ್ಮವ್ವ ಹೇಳುತ್ತಾಳೆ. ಅವತ್ತು ಬೆಳಿಗ್ಗೆ ಹತ್ತು ನಲವತ್ತರಿಂದ ಸಂಜೆಯವರೆಗೆ ನಾನು ಬೈದ ಬೈಗುಳವನ್ನೆಲ್ಲ ಬರೆದಿಟ್ಟಿದ್ದರೆ ಇನ್ನೊಂದು ಪಿಎಚ್‌ಡಿ ಆಗುತ್ತಿತ್ತು.

ನಾನು ಭೌತಶಾಸ್ತ್ರ ಕಲಿಸುವ ಕಾಲೇಜು ಇರುವುದು ಬೈಲಹೊಂಗಲದ ಹೊರಗೆ, ಎಂ.ಕೆ. ಹುಬ್ಬಳ್ಳಿ ಕಡೆ ಹೋಗುವ ರಸ್ತೆಯ ಪಕ್ಕ. ನನ್ನ ಸಂಶೋಧನೆ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ಒಂದು ಲೇಸರ್ ಕಿರಣವನ್ನು ಎರಡಾಗಿ ಸೀಳಬೇಕು. ಕನ್ನಡಿಗಳಿಂದ ತಿರುಗಿಸಿ ಎರಡನ್ನೂ ಒಂದು ತೆಳು ಪ್ಲಾಸ್ಟಿಕ್ ಪದರದ ಮೇಲೆ ಮತ್ತೆ ಕೂಡಿಸಬೇಕು. ಹಾಗೆ ಕೂಡಿದಲ್ಲಿ ಒಂದು ಗೆರೆ ಬೆಳಕು, ಒಂದು ಗೆರೆ ಕತ್ತಲೆ, ಮತ್ತೊಂದು ಗೆರೆ ಬೆಳಕು ಹೀಗೆ ಸಾಲು ಬೀಳುತ್ತದೆ. ಆ ಸಾಲು ಪ್ಲಾಸ್ಟಿಕ್ಕಿನ ಮೇಲೆ ಗೀರಾಗಿ ಉಳಿಯುತ್ತದೆ. ಒಂದು ತಲೆಗೂದಲಿನ ಅಗಲದಲ್ಲಿ ಎಂಬತ್ತು ಗೀರು. ಆಸ್ಪತ್ರೆಯಲ್ಲಿ ರೋಗಿಯ ಮೈಯೊಳಗೆ ಇಡುವ ನಳಿಕೆಗಳ ಮೇಲೆ ಇಂಥ ಗೀರುಗಳಿದ್ದರೆ ಕ್ರಿಮಿಗಳಿಗೆ ಅಂಟಿಕೊಳ್ಳುವುದು ಕಷ್ಟ ಎಂದು ತೋರಿಸುವುದು ನನ್ನ ಕೆಲಸ.

ತೊಂದರೆ ಏನೆಂದರೆ, ಬೆಳಕು ಬೀಳುವ ನಲವತ್ತು ಸೆಕೆಂಡು ಟೇಬಲ್ಲು ಒಂದಿಷ್ಟೂ ಅಲುಗಬಾರದು. ಅಲುಗಿದರೆ ಗೀರುಗಳೆಲ್ಲ ಕಲಸಿ ಹೋಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ಕೇಳಬೇಕೆ? ಎರಡೆರಡು ಟ್ರೇಲರ್ ಜೋಡಿಸಿಕೊಂಡು, ಎದೆ ನಡುಗುವ ಹಾಗೆ ಹಾಡು ಹಾಕಿಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಹೊರಟಿರುತ್ತವೆ. ಒಂದು ದಾಟಿದರೂ ನಮ್ಮ ನೆಲ ನಡುಗುತ್ತದೆ.

ಅದಕ್ಕೆ ಅಭಯ ಒಂದು ಉಪಾಯ ಹುಡುಕಿದ್ದ. ಅವನು ನಮ್ಮ ಲ್ಯಾಬಿನ ಟೆಕ್ನಿಶಿಯನ್. ಕಿಟಕಿಯ ಹತ್ತಿರ ನಿಂತರೆ ರಸ್ತೆಯ ತಿರುವಿನ ತನಕ ಕಾಣುತ್ತದೆ. ಟ್ರ್ಯಾಕ್ಟರ್ ಇಲ್ಲದಿದ್ದಾಗ ಅವನು ಕೈ ಎತ್ತುತ್ತಾನೆ, ನಾನು ಬೆಳಕು ಬಿಡುತ್ತೇನೆ. ಆಮೇಲೆ ನಲವತ್ತು ಸೆಕೆಂಡು ಇಬ್ಬರೂ ಉಸಿರು ಬಿಗಿ ಹಿಡಿದು ನಿಲ್ಲಬೇಕು. ಮಾತಾಡುವಂತಿಲ್ಲ, ಹೆಜ್ಜೆ ಕಿತ್ತಿಡುವಂತಿಲ್ಲ.

ಮಾತಾಡುವಂತಿಲ್ಲ, ನಡೆಯುವಂತಿಲ್ಲ ಎಂದಮೇಲೆ ಕಣ್ಣಿಗೆ ಬೇರೆ ಏನು ಕೆಲಸ? ನೋಡುವುದೇ. ಎರಡು ವರ್ಷ ನೋಡಿದೆವು. ಮೊದಮೊದಲು ಅವನು ಗಡಿಯಾರ ನೋಡುತ್ತಿದ್ದ, ನಾನು ಪ್ಲಾಸ್ಟಿಕ್ ನೋಡುತ್ತಿದ್ದೆ. ಆಮೇಲೆ ಅವನು ಗಡಿಯಾರ ನೋಡಿದಂತೆ ಮಾಡಿ ನನ್ನನ್ನು ನೋಡುತ್ತಿದ್ದ. ಮೂವತ್ತನೇ ಸೆಕೆಂಡಿಗೆ ಅವನ ಎಡಗಡೆಯ ತುಟಿ ಒಂದಿಷ್ಟು ಮೇಲೇರುತ್ತಿತ್ತು. ನಗಬೇಡಿ ಎಂದು ನಾನು ಹುಬ್ಬು ಗಂಟಿಕ್ಕುತ್ತಿದ್ದೆ. ಅದಕ್ಕೇ ಅವನಿಗೆ ಇನ್ನಷ್ಟು ನಗು. ಒಮ್ಮೆ ಅವನು ನಕ್ಕ ನಗೆಗೆ ನನ್ನ ಒಳ್ಳೆಯ ಸ್ಯಾಂಪಲ್ ಒಂದು ಹಾಳಾಗಿ, ಇಡೀ ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ನಲವತ್ತನೇ ಸೆಕೆಂಡಿಗೆ ಇಬ್ಬರೂ "ಆತು" ಎಂದು ಉಸಿರು ಬಿಡುತ್ತಿದ್ದೆವು. ಅದಕ್ಕಿಂತ ಹೆಚ್ಚು ಯಾರೂ ಏನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅಭಯನ ಅಜ್ಜ ಸವದತ್ತಿಯಲ್ಲಿ ವೇದ ಹೇಳಿಕೊಟ್ಟವರು. ಅವನ ತಾಯಿ ರಾಧಾಬಾಯಿಯವರು ಮಡಿಯಲ್ಲಿದ್ದರೆ ಹೆತ್ತ ಮಗನೂ ಮುಟ್ಟುವಂತಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ನಮ್ಮ ಓಣಿಯ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಊರಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಆ ಸೋಮವಾರದ ವಿಷಯ. ಹಿಂದಿನ ದಿನ ನನ್ನನ್ನು ನೋಡಲು ಯರಗಟ್ಟಿಯಿಂದ ಬಂದಿದ್ದರು. ಹುಡುಗ ಒಳ್ಳೆಯವನೇ, ಹೈಸ್ಕೂಲ್ ಮೇಷ್ಟ್ರು. ಅವರಿಗೆ ಒಪ್ಪಿಗೆಯಾಯಿತು. ನನ್ನ ಒಪ್ಪಿಗೆ ಕೇಳುವ ಮೊದಲೇ ಕರೆವ್ವ ಅತ್ತೆ ಸಡಗರದಿಂದ ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿಬಿಟ್ಟಳು. ಹಸಿರು ಬಳೆ ಎಂದರೆ ಲಗ್ನ ಗೊತ್ತಾದ ಹಾಗೆ. ಊರಿಗೆಲ್ಲ ಬೈಯುವ ನನಗೆ ಅವತ್ತು ಬೇಡ ಎನ್ನುವ ಒಂದು ಮಾತು ಬರಲಿಲ್ಲ.

ಲೇಸರ್ ಲ್ಯಾಬಿನಲ್ಲಿ ಬಳೆ, ಉಂಗುರ, ಗಡಿಯಾರ ಯಾವುದೂ ಕೈಯಲ್ಲಿ ಇರಬಾರದು. ಕಿರಣ ತಾಗಿದರೆ ಎಲ್ಲಿ ಬೇಕಾದರೂ ಚಿಮ್ಮುತ್ತದೆ. ನಮ್ಮದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು, ಚಿಮ್ಮಿದ್ದು ಕೂಡ ಗೊತ್ತಾಗುವುದಿಲ್ಲ. ಆ ನಿಯಮ ಬರೆದು ಬಾಗಿಲಿಗೆ ಅಂಟಿಸಿದವಳು ನಾನೇ. ಬಳೆ ತೆಗೆದರೆ ಅವ್ವ ನೊಂದುಕೊಳ್ಳುತ್ತಾಳೆ, ತೋರಿಸಿದರೆ ಅಭಯ ನೋಡುತ್ತಾನೆ ಎಂದು ಮೇಲಕ್ಕೆ ಸರಿಸಿ, ಟೇಪ್ ಸುತ್ತಿ, ಕೋಟಿನ ತೋಳಿನೊಳಗೆ ಮುಚ್ಚಿಕೊಂಡು ಹೋದೆ. ಓದಿದವಳು ಮಾಡುವ ಕೆಲಸವೇ ಇದು?

ಅಭಯ ಕೈ ಎತ್ತಿದ. ಬೆಳಕು ಬಿಟ್ಟೆ. ಹತ್ತು ಸೆಕೆಂಡಿಗೆ ಪ್ಲಾಸ್ಟಿಕ್ ಹಿಡಿದ ಸ್ಕ್ರೂ ಸಡಿಲವಾದದ್ದು ಕಂಡಿತು. ಬೆಳಕು ಮುಚ್ಚಿ ಕೈ ಹಾಕಬೇಕಿತ್ತು. ಮುಚ್ಚದೆ ಹಾಕಿದೆ. ತೋಳು ಮೇಲೆ ಸರಿಯಿತು, ಟೇಪ್ ಕಿತ್ತು ಬಂತು, ಬಳೆಗಳು ಝಲ್ ಎಂದು ಕಿರಣಕ್ಕೆ ಅಡ್ಡವಾಗಿ ಮಣಿಕಟ್ಟಿಗೆ ಇಳಿದವು. ತಲೆ ಎತ್ತಿ ನೋಡಿದರೆ ಅಭಯ ಕನ್ನಡಕವನ್ನು ಹಣೆಗೇರಿಸಿ ನನ್ನ ಕೈಯನ್ನೇ ನೋಡುತ್ತಿದ್ದಾನೆ.

ಒಂದು, ಎರಡು, ಮೂರು. ಮೂರು ಸೆಕೆಂಡು.

"ಏನ್ ಕಂಡ್ತು? ಖರೇ ಹೇಳ್ರಿ. ಏನ್ ಕಂಡ್ತು ನಿಮಗ?"

"ಒಂದು ಕ್ಷಣ ಎಲ್ಲಾ ಹಾಲಿನಂಗ ಬೆಳ್ಳಗಾತು," ಎಂದ. "ಈಗ ಎಲ್ಲಾ ಸರಿ ಕಾಣ್ಲಿಕ್ಕತ್ತದ. ನಿಮ್ಮ ಸಿಟ್ಟೂ ಸರಿ ಕಾಣ್ಲಿಕ್ಕತ್ತದ."

ಈ ಬೆಳಕು ತಾನು ಕಾಣದಿದ್ದರೂ ಕಣ್ಣೊಳಗಿನ ಲೆನ್ಸನ್ನು ಮಸುಕಾಗಿ ಹೊಳೆಸುತ್ತದೆ. ಹಾಲಿನಂತೆ ಕಂಡಿತು ಎಂದರೆ ಬೆಳಕು ಕಣ್ಣೊಳಗೆ ಹೋಗಿದೆ ಎಂದೇ ಅರ್ಥ. ಈ ಬೆಳಕಿನ ಗುಣ ನನಗೆ ಗೊತ್ತು. ತಾಗಿದ ಕೂಡಲೇ ನೋವಾಗುವುದಿಲ್ಲ. ಐದು ತಾಸು, ಆರು ತಾಸು, ಕೆಲವೊಮ್ಮೆ ಹತ್ತು ತಾಸು ಬಿಟ್ಟು ಏಳುತ್ತದೆ.

"ಕನ್ನಡಕ ಯಾಕ ತಗದ್ರಿ?"

"ಬೆವರು ಬಂದಿತ್ತು."

"ಡಿಸೆಂಬರದಾಗ?"

ಬಸಲಿಂಗಪ್ಪ ಆಟೋ ತಂದ. ನಾನು ಅಭಯನ ಶರ್ಟಿನ ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ಕೂರಿಸಿದೆ.

ಪೇಟೆಯ ಕಣ್ಣಿನ ಡಾಕ್ಟರ್ ಮೃಣಾಲಿನಿ ಬಹಳ ಹೊತ್ತು ನೋಡಿದರು. "ಈಗ ಏನೂ ಕಾಣೂದಿಲ್ಲ. ಆದರ ಏನೂ ಆಗಿಲ್ಲಂತ ಹೇಳಾಕೂ ಬರೂದಿಲ್ಲ. ಮ್ಯಾಲಿನ ಪರದಿಗೆ ತಾಗಿದ್ರ ಮಾಯತೈತಿ. ಒಳಗಿನ ಲೆನ್ಸಿಗೆ ತಾಗಿದ್ರ ಮಾತ್ರ ತ್ರಾಸ. ಸಂಜೀತನಕ ಇಲ್ಲೇ ಕುಂದರ್ರಿ. ನೋವು ಬಂದ ಕೂಡಲೇ ಕರೀರಿ," ಎಂದರು.

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತೆವು. ನಾನು ಗಡಿಯಾರ ನೋಡುವುದು, ಅವನ ಕಣ್ಣು ನೋಡುವುದು, ಮತ್ತೆ ಗಡಿಯಾರ ನೋಡುವುದು.

"ಎದುರಿಗಿನ ಖಾನಾವಳಿ ಬೋರ್ಡ್ ಓದ್ರಿ."

"ಬಿಸಿ ಜೋಳದ ರೊಟ್ಟಿ ಸಿಗುತ್ತವೆ."

"ಅದರ ಕೆಳಗ ಸಣ್ಣ ಅಕ್ಷರದಾಗ?"

"ಶೇಂಗಾ ಹಿಂಡಿಯೂ ಸಿಗುತ್ತದೆ."

ಹತ್ತು ನಿಮಿಷ ಬಿಟ್ಟು ಮತ್ತೆ ಓದಿಸಿದೆ. ಇನ್ನೊಂದು ಹತ್ತು ನಿಮಿಷಕ್ಕೆ ಮತ್ತೆ. "ಮೇಡಮ್, ಇದು ಎಂಟನೇ ಸಲ," ಎಂದ ಅಭಯ. "ನಾ ಇಷ್ಟು ಆಸೆಯಿಂದ ನೋಡೋದು ಕಂಡು ಆ ಖಾನಾವಳಿ ಹೆಣ್ಣಮಗಳು ರೊಟ್ಟಿ ಕಟ್ಟಿ ಕಳಸ್ತಾಳ ನೋಡ್ರಿ."

"ಚಾಷ್ಟಿ ಮಾಡಬ್ಯಾಡ್ರಿ. ನನ್ನ ಜೀವ ಹೋಗಾಕತ್ತೈತಿ ಇಲ್ಲೆ."

ಅವನು ಮೆಲ್ಲಗೆ ಹೇಳಿದ: "ನಿಮ್ಮದೇನು ತಪ್ಪಿಲ್ರೀ. ತಗದಾಂವ ನಾನು."

"ಬಳಿ ಹಾಕ್ಕೊಂಡ ಬಂದಾಕಿ ನಾನು!" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಭಯ ನನ್ನ ಕೈಯ ಕಡೆ ನೋಡಿದ. ನಾನು ತೋಳು ಕೆಳಗೆ ಎಳೆದುಕೊಂಡೆ. ಅವನು ನೋಡುತ್ತಲೇ ಇದ್ದ.

"ಹಸಿರು ಬಳಿ," ಎಂದ.

"ನಿನ್ನೆ ಯರಗಟ್ಟಿಯವರು ಬಂದಿದ್ರು."

"ಓ. ಹಂಗಾದ್ರ ಗೊತ್ತಾತು ಅನ್ರಿ. ಛಲೋ ಆತು."

ಛಲೋ ಆಯಿತಂತೆ! ಇವನ ಕಣ್ಣು ಹೋಗುತ್ತದೋ ಏನೋ ಎಂದು ನಾನಿಲ್ಲಿ ಬೆಂಕಿಯ ಮೇಲೆ ಕೂತಿದ್ದೇನೆ, ಇವನು ಛಲೋ ಆತು ಎನ್ನುತ್ತಾನೆ. ನಾನು ಒಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವನ ಮುಖದಲ್ಲಿ ಬೆಳಿಗ್ಗೆಯಿಂದ ಇದ್ದ ಕೀಟಲೆ ಪೂರ್ತಿ ಆರಿಹೋಗಿತ್ತು. ಅದನ್ನು ಕಂಡು ನನಗೆ ಮತ್ತೊಂದು ಬಗೆಯ ಹೆದರಿಕೆಯಾಯಿತು. ಮುಖ ತಿರುಗಿಸಿಕೊಂಡು ಕೂತೆ. "ಬೋರ್ಡ್ ಓದ್ರಿ," ಎಂದೆ. ಅವನು ಓದಿದ.

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅವನು ಓದಲಿಲ್ಲ.

"ಬೋರ್ಡ್ ಓದ್ರಿ ಅಂದೆ."

"ಪ್ರಜ್ಞಾ," ಎಂದ. ಎರಡು ವರ್ಷದಲ್ಲಿ ಮೊದಲ ಸಲ ಮೇಡಮ್ ಬಿಟ್ಟು ಕರೆದಿದ್ದ. "ಕಣ್ಣಾಗ ಉಸುಕು ಹಾಕಿದಂಗ ಆಗ್ಲಿಕ್ಕತ್ತದ."

ನೋಡುತ್ತಿದ್ದಂತೆ ಅವನ ಎರಡೂ ಕಣ್ಣು ಕೆಂಪಾದವು, ನೀರು ದಳದಳ ಸುರಿಯತೊಡಗಿತು. ಬೆಳಕು ತಡೆಯಲಾರದೆ ಮುಖ ಮುಚ್ಚಿಕೊಂಡ. ಕಣ್ಣು ಉಜ್ಜಲು ಹೋದ, ನಾನು ಅವನ ಎರಡೂ ಕೈ ಹಿಡಿದುಕೊಂಡೆ. "ಉಜ್ಜಬ್ಯಾಡ್ರಿ, ನನ್ನ ಆಣಿ, ಉಜ್ಜಬ್ಯಾಡ್ರಿ," ಎಂದು ಹೇಳುತ್ತಲೇ ಇದ್ದೆ. ಕೈ ಬಿಡದೆ ಹಾಗೇ ಎಬ್ಬಿಸಿ ಡಾಕ್ಟರ ಕೋಣೆಗೆ ನಡೆಸಿದೆ. ಬೈಗುಳ ಕೂಡ ಬರಲಿಲ್ಲ.

ಒಳಗೆ ಡಾಕ್ಟರ್ ಕಣ್ಣಿಗೆ ಔಷಧಿ ಹಾಕಿ, ಹಳದಿ ಬಣ್ಣ ಬಿಟ್ಟು, ನೀಲಿ ದೀಪದಲ್ಲಿ ನೋಡಿದರು. ನಾನು ಗೋಡೆಗೆ ಒರಗಿ ನಿಂತೆ. ಅವರು ಒಂದು ಕಣ್ಣು ನೋಡಿ ಇನ್ನೊಂದಕ್ಕೆ ಹೋದರು, ಮತ್ತೆ ಮೊದಲಿನದಕ್ಕೆ ಬಂದರು. ಯಾಕೆ ಮತ್ತೆ ನೋಡುತ್ತಿದ್ದಾರೆ? ಏನು ಕಂಡಿತು? ಇವನಿಗೆ ಕಣ್ಣು ಕಾಣದಿದ್ದರೆ ನಾನು ಹೇಗೆ ಬದುಕಲಿ? ಯರಗಟ್ಟಿಯ ಮೇಷ್ಟ್ರ ಪಕ್ಕದಲ್ಲಿ ಕೂತು ಅಕ್ಷತೆ ಹಾಕಿಸಿಕೊಂಡು, ಇವನು ಗೋಡೆ ಹಿಡಿದು ನಡೆಯುವುದನ್ನು ನೋಡಲೇ?

"ಬೆವರ ಬಂದಿದ್ದಕ್ಕ ತಗದೆ ಅಂದ್ರಲಾ," ಎಂದರು ಡಾಕ್ಟರ್, ದೀಪದಿಂದ ಕಣ್ಣು ತೆಗೆಯದೆ. "ಖರೇ ಹೇಳ್ರಿ. ಎಷ್ಟೊತ್ತ ತಗದಿದ್ರಿ, ಎತ್ತಾಗ ನೋಡಾಕತ್ತಿದ್ರಿ, ನನಗ ಗೊತ್ತಾಗಬೇಕು."

ಅಭಯ ಕೆನ್ನೆಯ ಮೇಲಿನ ನೀರು ಒರೆಸಿಕೊಂಡ.

"ಮೂರು ಸೆಕೆಂಡ್ ರೀ. ಅವರ ಕೈ ನೋಡ್ಲಿಕ್ಕತ್ತಿದ್ದೆ," ಎಂದ. "ಆ ಕನ್ನಡಕದಾಗಿಂದ ನೋಡಿದ್ರ ಹಸಿರು ಬಣ್ಣ ಕಪ್ಪು ಕಾಣಸ್ತದ. ಬಳಿ ಹಸಿರೋ, ಬ್ಯಾರೆ ಬಣ್ಣವೋ ತಿಳೀಲಿಲ್ಲ. ಹಸಿರಾಗಿದ್ರ ಲಗ್ನ ಗೊತ್ತಾದಂಗ. ನೋಡದೆ ಇರ್ಲಿಕ್ಕೆ ನನ್ನಿಂದ ಆಗ್ಲಿಲ್ರೀ."

ಹುಚ್ಚ! ಬಳೆಯ ಬಣ್ಣಕ್ಕೋಸ್ಕರ ಕಣ್ಣು ಒಡ್ಡಿದ ಹುಚ್ಚ!

ಡಾಕ್ಟರ್ ದೀಪ ಆರಿಸಿದರು. ನನ್ನ ಕೈ ನೋಡಿದರು. "ಹಸರೇ ಅದಾವಲ್ಲ," ಎಂದರು.

"ಅತ್ತಿ ಏರಿಸ್ಯಾಳ ಅಷ್ಟ," ಎಂದೆ. "ನಾ ಹೂಂ ಅಂದಿಲ್ಲ. ಅನ್ನೂದೂ ಇಲ್ಲ. ಡಾಕ್ಟರ್, ಕಣ್ಣ ಏನಾಗೇತಿ? ಮದ್ಲ ಅದನ್ನ ಹೇಳ್ರಿ."

"ಲೆನ್ಸ್ ಚೊಲೋ ಐತಿ. ಮ್ಯಾಲಿನ ಪರದಿ ಸುಟ್ಟೈತಿ, ಮಾಯತೈತಿ. ಎರಡ ದಿನ ಎರಡೂ ಕಣ್ಣಿಗೆ ಪಟ್ಟಿ. ಬಿಚ್ಚಬಾರದು, ಉಜ್ಜಬಾರದು."

ಆಗ ನಾನು ಅತ್ತುಬಿಟ್ಟೆ. ನಿಂತಲ್ಲೇ, ಗೋಡೆಗೆ ಮುಖ ಮಾಡಿ, ಸಣ್ಣ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತೆ. ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಅಭಯ ಗಾಬರಿಯಾಗಿ ಗಾಳಿಯಲ್ಲಿ ಕೈ ಆಡಿಸಿದ.

"ಪ್ರಜ್ಞಾ, ಅಳ್ಲಿಕ್ಕತ್ತೀರೇನು? ಬೈರಿ ಬೇಕಾದ್ರ. ಅಳಬ್ಯಾಡ್ರಿ, ನಂಗ ಅಂಜಿಕಿ ಬರ್ತದ."

"ಹುಚ್ಚ ಅದೀರಿ ನೀವು," ಎಂದೆ. "ಬಾಯಿಲೆ ಕೇಳಾಕ ಬರತಿದ್ದಿಲ್ಲೇನು?"

"ಎರಡು ವರ್ಷದಿಂದ ಕೇಳಬೇಕು ಅಂತೀನಿ. ನೀವು ಇಲ್ಲಂದ್ರ ಆಮ್ಯಾಲೆ ಆ ನಲವತ್ತು ಸೆಕೆಂಡೂ ಹೋಗ್ತಾವಲ್ಲ ಅಂತ ಹೆದರಿಕಿ."

ನಾನು ಹೋಗಿ ಗಾಳಿಯಲ್ಲಿದ್ದ ಆ ಕೈ ಹಿಡಿದುಕೊಂಡೆ. ಅದು ತಣ್ಣಗಿತ್ತು. ಡಾಕ್ಟರ್ ಏನೋ ನೆನಪಾದವರಂತೆ ಹೊರಗೆ ಹೋದರು.

ಅವ್ವನಿಗೆ ಫೋನ್ ಮಾಡಿದೆ. ನಮ್ಮವ್ವನ ಹೆಸರು ಕಾಡವ್ವ, ಪೇಟೆಯ ಹಿಂದಿನ ಓಣಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, "ಯರಗಟ್ಟಿಯವರಿಗೆ ಬ್ಯಾಡಂತ ಹೇಳವಾ," ಎಂದೆ.

"ಯಾಕ? ಹುಡುಗ ಏನ್ ಕೆಟ್ಟಾನ?"

"ಕೆಟ್ಟಿಲ್ಲ. ಆದರ ಅವನಿಗೆ ಏನರ ಆದ್ರ ನಾ ಹಿಂಗ ಅಂಜಾಂಗಿಲ್ಲ ಅವ್ವಾ. ಮುಂಜಾನಿಂದ ನನಗ ನೀರ ಸೈತ ಗಂಟಲದಾಗ ಇಳದಿಲ್ಲ."

ಆ ಕಡೆ ಮಕ್ಕಳ ಗಲಾಟೆ ದೂರವಾಯಿತು, ಅವ್ವ ಹೊರಗೆ ಬಂದಿರಬೇಕು.

"ಅವರು ಯಾರಂತ ಗೊತ್ತೈತಿಲ್ಲ ನಿನಗ?" ಎಂದಳು. "ನಾವು ಯಾರಂತ ಗೊತ್ತೈತಿಲ್ಲ?"

"ಗೊತ್ತೈತಿ."

"ಈಗ ಎಲ್ಲಿಗೆ ಹೊಂಟಿ?"

"ಅವರ ಮನೀಗೆ ಬಿಟ್ಟ ಬರಾಕ. ಕಣ್ಣಿಗೆ ಪಟ್ಟಿ ಐತಿ, ಒಬ್ಬರ ಹೆಂಗ ಹೋಗತಾರ?"

"ಅಲ್ಲೇ ನಿಂದರು," ಎಂದಳು ಅವ್ವ. "ಆ ಬಾಗಲದ ಮುಂದ ನೀ ಒಬ್ಬಾಕೇ ನಿಂದ್ರಬ್ಯಾಡ. ನಾ ಬರತೇನಿ."

ಕಾಲು ತಾಸಿನಲ್ಲಿ ಅವ್ವ ಬಂದಳು, ಸೆರಗು ಬಿಗಿದುಕೊಂಡು, ಹಾಜರಿ ಪುಸ್ತಕದ ಚೀಲ ಹೆಗಲಲ್ಲೇ ಇತ್ತು. ಅಭಯನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಭಾಳ ಬ್ಯಾನಿ ಆಗತೈತೇನ ತಮ್ಮಾ?" ಎಂದು ಕೇಳಿದಳು. ಅವನು "ಇಲ್ರೀ" ಎಂದ. ಸುಳ್ಳು ಎಂದು ಇಬ್ಬರಿಗೂ ಗೊತ್ತಾಯಿತು.

ಪೇಟೆಯ ನಡುವೆ ಹೊರಟೆವು. ಸಂತೆಗೆ ಬಂದವರು, ಅಂಗಡಿಯವರು, ನನ್ನ ಕ್ಲಾಸಿನ ಹುಡುಗಿಯರು, ಎಲ್ಲರೂ ನೋಡಿದರು. ನಾನು ಅಭಯನ ಬಲಗೈ ಹಿಡಿದಿದ್ದೆ.

"ಮಂದಿ ನೋಡ್ಲಿಕ್ಕತ್ತಾರೇನು?" ಎಂದು ಮೆಲ್ಲಗೆ ಕೇಳಿದ.

"ಎಲ್ಲಾರೂ."

"ಹಂಗಾದ್ರ ತೋಳು ಹಿಡೀರಿ, ಕೈ ಬ್ಯಾಡ."

"ಸುಮ್ಮ ನಡೀರಿ."

ಅವರ ಮನೆ ಕಲ್ಲು ಹಾಸಿದ ಓಣಿಯ ಕೊನೆಗಿತ್ತು. ಮೂರು ಮೆಟ್ಟಿಲು, ಹಳೆಯ ಕಾಲದ ದಪ್ಪ ಬಾಗಿಲು. ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಇಂಥ ಮನೆಗಳ ಮೆಟ್ಟಿಲ ಕೆಳಗೇ ನಿಂತು ಮಾತಾಡಿ ಬಂದವಳು ಅವಳು.

ರಾಧಾಬಾಯಿಯವರು ಬಾಗಿಲು ತೆರೆದರು. ಪಟ್ಟಿ ಕಟ್ಟಿದ ಮಗನನ್ನು ಕಂಡು, "ಅಯ್ಯೋ ದೇವರೇ, ಅಭ್ಯಾ! ಏನಾತೋ?" ಎಂದು ಕೂಗಿದರು.

"ಕಣ್ಣ ಹೋಗಿಲ್ರೀ ಬಾಯಾರ," ಎಂದಳು ಅವ್ವ. "ಎರಡ ದಿನದಾಗ ಪಟ್ಟಿ ಬಿಚ್ಚತಾರಂತ. ಅಂಜಬ್ಯಾಡ್ರಿ."

ರಾಧಾಬಾಯಿಯವರಿಗೆ ಉಸಿರು ತಿರುಗಿ ಬಂತು. ಆಗ ಅವರ ಕಣ್ಣು ನಮ್ಮ ಕೈಗಳ ಮೇಲೆ ಬಿತ್ತು. ಅಲ್ಲಿಂದ ನನ್ನ ಮುಖಕ್ಕೆ, ನನ್ನಿಂದ ಅವ್ವನ ಮುಖಕ್ಕೆ ಬಂದಿತು. ಅಂಗನವಾಡಿಯ ಅವ್ವನನ್ನು ಊರೆಲ್ಲ ಬಲ್ಲದು, ಎಲ್ಲವೂ ಅವರಿಗೆ ತಿಳಿಯಿತು. ಆ ಹೊತ್ತಿನಷ್ಟು ಹೆದರಿಕೆ ಬೆಳಿಗ್ಗೆ ಲ್ಯಾಬಿನಲ್ಲೂ ಆಗಿರಲಿಲ್ಲ.

"ಕೈ ಬಿಡವಾ," ಎಂದರು ನನಗೆ. "ಇಲ್ಲಿಂದ ನಾ ಕರಕೊಂಡು ಹೋಗ್ತೀನಿ."

ನನ್ನ ಬೆರಳು ಸಡಿಲವಾದವು. ಅಭಯನ ಬೆರಳು ಬಿಗಿಯಾದವು.

"ಆಯಿ," ಎಂದ. "ಆಕಿ ಬಿಟ್ರ ನಾ ಬೀಳ್ತೀನಿ."

ಓಣಿಯಲ್ಲಿ ಯಾರದೋ ಕುಕ್ಕರ್ ಕೂಗಿತು. ಎದುರು ಮನೆಯ ಕಿಟಕಿ ತೆರೆಯಿತು. ರಾಧಾಬಾಯಿಯವರು ಬಾಗಿಲಿಗೆ ಅಡ್ಡವಾಗಿ ಇಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ಮಗನ ಪಟ್ಟಿಯನ್ನೇ ನೋಡುತ್ತ ನಿಂತರು. ಅದರ ಕೆಳಗಿನಿಂದ ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವರ ಮೋರೆಯ ಮೇಲೂ ಇಳಿಯಿತು. ಆಮೇಲೆ ಕೈ ತೆಗೆದು ಪಕ್ಕಕ್ಕೆ ಸರಿದರು.

"ಹೊಸ್ತಿಲಾ ಎತ್ತರ ಅದ," ಎಂದರು, ನಮ್ಮಿಬ್ಬರ ಕಡೆಗೂ ನೋಡಿ. "ಸಾವಕಾಶ ಬರ್ರಿ."

ಅವ್ವ ಚಪ್ಪಲಿ ಬಿಟ್ಟಳು. ನಾನು ಅವನ ಸೊಂಟಕ್ಕೆ ಇನ್ನೊಂದು ಕೈ ಕೊಟ್ಟೆ.

"ಕಾಲ ಎತ್ತು, ಅಭಯ," ಎಂದೆ.